‘ಎಷ್ಟು ತೂಕ’ ಎಂಬುದು ಅರ್ಧ ಪ್ರಶ್ನೆ

ಕೊಡಗಿನ ಗೋಣಿಕೊಪ್ಪಲಿನಲ್ಲಿ ಮೆಕ್ಯಾನಿಕರು, ಜೀಪು ಚಾಲಕರು ಮತ್ತು ತೋಟಗಳ ಯಂತ್ರ ನೋಡಿಕೊಳ್ಳುವವರು ಸೇರಿದ್ದ ಸಭೆಯಲ್ಲಿ, ಕಳಚಿದ ಡೀಸೆಲ್ ಎಂಜಿನ್ ಹೊರುವ ಸ್ಟ್ಯಾಂಡಿನ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಸಭೆಯನ್ನು ಮಳೆಗಾಲದಲ್ಲಿ ಇಟ್ಟುಕೊಂಡವರು ಬುದ್ಧಿವಂತರು. ಮಾರ್ಚ್ ತಿಂಗಳಲ್ಲಿ ಕರೆದಿದ್ದರೆ ನಾನು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾಗುತ್ತಿತ್ತು. ಹೂಮಳೆ ತಪ್ಪಿದ ವರ್ಷ ರೊಬಸ್ಟಾ ಕಾಫಿಯ ಮೊಗ್ಗು ಸರಿಯಾಗಿ ಅರಳಬೇಕಾದರೆ ಒಂದು ಇಂಚು ಮಳೆಗಾದರೂ ಸಮನಾದ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಕೊಡಬೇಕು, ಅದೂ ಮೊಗ್ಗು ಕಾಯುವಷ್ಟು ದಿನಗಳ ಒಳಗೆ. ಕೆರೆ ದಂಡೆಯ ಡೀಸೆಲ್ ಪಂಪ್‌ಸೆಟ್ ಆಗ ಹಗಲೂ ರಾತ್ರಿ ಓಡುತ್ತದೆ. ಅದೇ ವಾರ ಅದು ಬೇರಿಂಗ್ ಕಳೆದುಕೊಂಡು ನಿಂತರೆ ಮಾಲೀಕರ ಫೋನು, ತೋಟದ ಲೆಕ್ಕ ಬರೆಯುವ ರೈಟರ ಫೋನು, ಪಕ್ಕದ ತೋಟದವರ ಸಲಹೆ ಎಲ್ಲವೂ ಒಟ್ಟಿಗೆ ಬರುತ್ತವೆ. ಎಂಜಿನ್ ಕಳಚಿ ಶೆಡ್ಡಿಗೆ ತಂದು, ಸಿಕ್ಕಿದ ಸ್ಟ್ಯಾಂಡಿಗೆ ಸಿಕ್ಕಿದ ಬೋಲ್ಟು ಹಾಕಿ, ರಾತ್ರಿಯೇ ಕೆಲಸ ಶುರು ಮಾಡುತ್ತೇವೆ. ಕಾಲ ಮೇಲೆ ಬ್ಲಾಕ್ ಬೀಳುವುದು, ಬೆರಳು ಜಜ್ಜಿಹೋಗುವುದು ಹೆಚ್ಚಾಗಿ ಇಂಥ ರಾತ್ರಿಗಳಲ್ಲೇ.

ಅವಸರ ಇಲ್ಲದ ಈ ದಿನಗಳಲ್ಲಿ ಒಂದು ಲೆಕ್ಕವನ್ನು ನಿಮ್ಮ ತಲೆಗೆ ಹಾಕಿ ಹೋಗಲು ಬಂದಿದ್ದೇನೆ. ಸ್ಟ್ಯಾಂಡಿನ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ‘ಎಂಜಿನ್ ಎಷ್ಟು ತೂಕ’ ಎಂದು. ಅದು ಅರ್ಧ ಪ್ರಶ್ನೆ. ಆ ತೂಕ ಸ್ಟ್ಯಾಂಡಿನ ಕಂಬದಿಂದ ಎಷ್ಟು ದೂರದಲ್ಲಿ ತೂಗುತ್ತಿದೆ ಎಂಬುದು ಉಳಿದರ್ಧ, ಮತ್ತು ಅಪಾಯವೆಲ್ಲ ಇರುವುದು ಆ ಅರ್ಧದಲ್ಲಿ.

ಡೀಸೆಲ್ ಎಂಜಿನ್ ಯಾಕಿಷ್ಟು ಭಾರ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿರುವವರಿಗೆ ಅದು ಗೊತ್ತಿರುವುದೇ. ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್‌ನಲ್ಲಿ ಗಾಳಿಯನ್ನೇ ಹದಿನಾರರಿಂದ ಇಪ್ಪತ್ತೆರಡು ಪಟ್ಟು ಅದುಮಿ, ಆ ಕಾವಿನಲ್ಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುತ್ತೇವೆ. ಅಷ್ಟು ಒತ್ತಡವನ್ನು ತಡೆಯಲು ದಪ್ಪ ಎರಕದ ಕಬ್ಬಿಣದ ಬ್ಲಾಕು, ದಪ್ಪ ಹೆಡ್ಡು, ಪಿಸ್ಟನ್ ತಿರುಗಿಸುವ ಭಾರದ ದಂಡ, ಅಂದರೆ ಕ್ರ್ಯಾಂಕು, ಬೇಕು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಪರೀಕ್ಷಿಸಿ ತೋರಿಸಿದ ಎಂಜಿನ್ನು ಆಳೆತ್ತರ ಮೀರಿದ ಯಂತ್ರ. ಅದು ಕೊಟ್ಟ ಶಕ್ತಿ ಸುಮಾರು 13 ಕಿಲೋವ್ಯಾಟ್. ಇವತ್ತು ನಿಮ್ಮ ಜೀಪಿನ ಎಂಜಿನ್ನು ಅದರ ಎಷ್ಟೋ ಪಟ್ಟು ಶಕ್ತಿ ಕೊಡುತ್ತದೆ. ತೂಕ ಇಳಿದಿದೆ, ಆದರೆ ಇಬ್ಬರು ಎತ್ತಿ ಬೆಂಚಿನ ಮೇಲಿಡುವಷ್ಟು ಇಳಿದಿಲ್ಲ.

ಈಗ ಸ್ಟ್ಯಾಂಡಿಗೆ ಬರೋಣ. ನಾವೆಲ್ಲ ಬಳಸುವ ಸ್ಟ್ಯಾಂಡು ಯಾವುದು? ಒಂದು ಕಂಬ, ಅದರ ತುದಿಯಲ್ಲಿ ಅಡ್ಡಲಾಗಿ ಒಂದು ಕೊಳವೆ, ಅದರೊಳಗೆ ತಿರುಗುವ ತಟ್ಟೆ, ತಟ್ಟೆಗೆ ನಾಲ್ಕು ತೋಳು. ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲ್ ತೆಗೆದು, ಗೇರ್‌ಬಾಕ್ಸ್ ಕೂರುವ ಜಾಗಕ್ಕೆ ಈ ತೋಳುಗಳನ್ನು ಬೋಲ್ಟು ಮಾಡುತ್ತೇವೆ. ಎಂಜಿನ್ನು ಕಂಬದಿಂದ ಮುಂದಕ್ಕೆ ಚಾಚಿಕೊಂಡು ಗಾಳಿಯಲ್ಲಿ ನಿಲ್ಲುತ್ತದೆ. ಐವತ್ತು ಕೆಜಿಯ ಕಾಫಿ ಚೀಲವನ್ನು ಎದೆಗೆ ಅಪ್ಪಿಕೊಂಡು ಲಾರಿಯವರೆಗೆ ನಡೆಯುವವನಿಗೆ, ಅದನ್ನೇ ಎರಡೂ ಕೈ ಮುಂದೆ ಚಾಚಿ ಹಿಡಿದುಕೋ ಎಂದು ಹೇಳಿ ನೋಡಿ. ಚೀಲದ ತೂಕ ಬದಲಾಗಿಲ್ಲ, ಸೊಂಟಕ್ಕೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಸ್ಟ್ಯಾಂಡಿನ ಕಂಬದ ಬುಡವೇ ಆ ಸೊಂಟ.

ಲೆಕ್ಕ ಹಾಕೋಣ. ಲಾರಿಯ ಆರು ಸಿಲಿಂಡರ್ ಎಂಜಿನ್ ಒಂದನ್ನು ತೆಗೆದುಕೊಳ್ಳಿ. ಟಾಟಾ 697 ಇರಬಹುದು, ಕಮ್ಮಿನ್ಸ್ 5.9 ಲೀಟರಿನ ಬಿ ಸರಣಿಯದ್ದಿರಬಹುದು. ಎರಡೂ ಸಾಲು ಸಿಲಿಂಡರಿನವು, ಎರಡರ ಬ್ಲಾಕೂ ಎರಕದ ಕಬ್ಬಿಣ. ತೂಕವನ್ನು 500 ಕೆಜಿ ಎಂದಿಟ್ಟುಕೊಳ್ಳೋಣ. ಬ್ಲಾಕಿನ ಹಿಂಬದಿಯಿಂದ ಅದರ ಭಾರದ ನಡು 35 ಸೆಂಟಿಮೀಟರ್ ದೂರ, ತೋಳುಗಳ ಉದ್ದ 10 ಸೆಂಟಿಮೀಟರ್, ಒಟ್ಟು 45. ಅಂದರೆ 500 ಗುಣಿಸು 0.45, ಕಂಬವನ್ನು ಮುಂದಕ್ಕೆ ಬಾಗಿಸುವ ಬಲ 225 ಕೆಜಿ-ಮೀಟರ್. ಈಗ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಮಡಿಚುವ ಸ್ಟ್ಯಾಂಡುಗಳನ್ನು ನೋಡಿ. ಆ ನಮೂನೆ ಬೆಳೆದು ಬಂದದ್ದು ಅಮೆರಿಕದ ವಿ8 ಪೆಟ್ರೋಲ್ ಎಂಜಿನ್‌ಗಳ ಸುತ್ತ. ವಿ8 ಎಂದರೆ ನಾಲ್ಕು ಸಿಲಿಂಡರಿನಷ್ಟೇ ಉದ್ದ, ಅಗಲ ಜಾಸ್ತಿ. 300 ಕೆಜಿ ತೂಕ, 28 ಸೆಂಟಿಮೀಟರ್ ದೂರ ಎಂದುಕೊಂಡರೆ 84 ಕೆಜಿ-ಮೀಟರ್. ಎಂಜಿನ್‌ಗಳ ತೂಕದಲ್ಲಿ ಎರಡು ಪಟ್ಟಿಗೂ ಕಡಿಮೆ ವ್ಯತ್ಯಾಸ. ಬಾಗಿಸುವ ಬಲದಲ್ಲಿ ಎರಡೂವರೆ ಪಟ್ಟಿಗೂ ಜಾಸ್ತಿ. ಸ್ಟ್ಯಾಂಡಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಕೆಜಿ ಎಂದಿರುತ್ತದೆ, ಎಷ್ಟು ದೂರಕ್ಕೆ ಎಂದು ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಚೀಟಿಯನ್ನು ನಾನು ನಂಬುವುದಿಲ್ಲ.

ಜೀಪಿನವರು ಇಷ್ಟಕ್ಕೆ ಹೆದರಬೇಕಾಗಿಲ್ಲ. ಮಹೀಂದ್ರ ಎಂಎಂ 540ರ ಪ್ಯೂಜೋ ಎಂಜಿನ್ ನಾಲ್ಕೇ ಸಿಲಿಂಡರಿನದು. 200 ಕೆಜಿ, 38 ಸೆಂಟಿಮೀಟರ್ ಎಂದು ಹಿಡಿದರೆ 76 ಬರುತ್ತದೆ. ಒಳ್ಳೆಯ ನಾಲ್ಕು ಚಕ್ರದ ಸ್ಟ್ಯಾಂಡು ಅದನ್ನು ಹೊರುತ್ತದೆ. ತೊಂದರೆ ಬರುವುದು ಎಲ್ಲಿ ಎಂದರೆ, ಜೀಪಿನ ಎಂಜಿನ್‌ಗಳನ್ನು ವರ್ಷಗಟ್ಟಲೆ ಹೊತ್ತ ಸ್ಟ್ಯಾಂಡು ಶೆಡ್ಡಿನಲ್ಲಿದೆ, ಒಂದು ದಿನ ಲಾರಿಯ ಎಂಜಿನ್ ಬರುತ್ತದೆ, ‘ಇದು ಗಟ್ಟಿ ಇದೆ, ಇಷ್ಟು ದಿನ ಏನೂ ಆಗಿಲ್ಲ’ ಎಂದು ಅದನ್ನೇ ಬಳಸುತ್ತೇವೆ. ಅಷ್ಟೂ ವರ್ಷ ಅದು ಹೊತ್ತದ್ದು ಈಗ ಹೊರಬೇಕಾದುದರ ಮೂರನೇ ಒಂದು ಭಾಗ.

ಇನ್ನು ಬೋಲ್ಟುಗಳು. ಎಂಜಿನ್ ಮುಂದಕ್ಕೆ ವಾಲುವಾಗ ಮೇಲಿನ ಎರಡು ಬೋಲ್ಟುಗಳು ಎಳೆತಕ್ಕೆ ಸಿಗುತ್ತವೆ, ಕೆಳಗಿನವು ಒತ್ತಿಕೊಳ್ಳುತ್ತವೆ. ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 25 ಸೆಂಟಿಮೀಟರ್ ಅಂತರವಿದ್ದರೆ, ನಮ್ಮ 225ರ ಲೆಕ್ಕದಲ್ಲಿ ಮೇಲಿನ ಎರಡೂ ಸೇರಿ 900 ಕೆಜಿ ಎಳೆತ, ತಲಾ 450. ತಲೆಯ ಮೇಲೆ 8.8 ಎಂದು ಗುರುತಿರುವ 10 ಮಿಲಿಮೀಟರಿನ ಎಚ್‌ಟಿ, ಅಂದರೆ ಹೈ ಟೆನ್ಸೈಲ್ ಬೋಲ್ಟು ಮೂರು ಟನ್ನಿಗೂ ಹೆಚ್ಚಿನ ಎಳೆತಕ್ಕೆ ಹಿಗ್ಗದೆ ನಿಲ್ಲುತ್ತದೆ. 4.6 ದರ್ಜೆಯ ಮಾಮೂಲಿ ಬೋಲ್ಟು ಸುಮಾರು 1.3 ಟನ್ನಿಗೇ ಕೈ ಚೆಲ್ಲುತ್ತದೆ. 450ಕ್ಕೆ ಅದೂ ಸಾಕಲ್ಲವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ನಿಂತಲ್ಲೇ ನಿಂತಿದ್ದರೆ ಸಾಕು. ಆದರೆ ತೋಳು ಓರೆಯಾಗಿ ಕೂತಿದ್ದರೆ ಬೋಲ್ಟನ್ನು ಅದು ಸನ್ನೆಗೋಲಿನಂತೆ ಮೀಟುತ್ತದೆ. ಚಕ್ರ ನೆಲದ ಬಿರುಕಿಗೆ ಬಡಿದರೆ ಭಾರ ಕ್ಷಣಕಾಲ ಎರಡು ಪಟ್ಟಾಗುತ್ತದೆ. ನಾಲ್ಕರಲ್ಲಿ ಒಂದು ಬೋಲ್ಟು ಸಡಿಲವಾಗಿದ್ದರೆ ಅದರ ಪಾಲು ಪಕ್ಕದವನ ಮೇಲೆ. ಇವೆಲ್ಲ ಒಟ್ಟಿಗೆ ಆಗುವ ದಿನಕ್ಕಾಗಿ 8.8 ಹಾಕಬೇಕು. ಹೆಚ್ಚುವರಿ ಖರ್ಚು ಒಂದು ಚಹಾ, ಎರಡು ವಡೆಯದ್ದು.

ಬೋಲ್ಟಿನ ದರ್ಜೆಗಿಂತಲೂ ಹೆಚ್ಚು ಮೋಸ ಮಾಡುವುದು ಅದರ ಹಿಡಿತ. ಎರಕದ ಕಬ್ಬಿಣದಲ್ಲಿ ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟಾದರೂ ಮರೆ, ಅಂದರೆ ಅದರ ತಿರುಪಿನ ಗೆರೆ, ಒಳಗೆ ಹೋಗಿರಬೇಕು. 10 ಮಿಲಿಮೀಟರ್ ಬೋಲ್ಟಿಗೆ 15 ಮಿಲಿಮೀಟರ್, ಅಂದರೆ ಹತ್ತು ಸುತ್ತು. ತೋಳಿನ ದಪ್ಪ, ವಾಷರಿನ ದಪ್ಪ ಕಳೆದು ಎಷ್ಟು ಉಳಿಯಿತು ಎಂದು ಅಳೆದು ನೋಡಿ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೋಲ್ಟು ಉದ್ದವಾಗಿ, ತೂತಿನ ತಳಕ್ಕೆ ತಗುಲಿ ಬಿಗಿಯಾದಂತೆ ಅನ್ನಿಸುತ್ತದೆ. ಸ್ಪಾನರಿಗೆ ಬಿಗಿ, ತೋಳಿಗೆ ಸಡಿಲ. ಮೂರನೆಯದು ಹಳೆಯ ಎಂಜಿನ್‌ಗಳ ಜೊತೆ ಬರುವ ರೋಗ. ಪರ್ಕಿನ್ಸ್ ಮನೆತನದ ಸಿಂಪ್ಸನ್ ಎಂಜಿನ್‌ಗಳಲ್ಲಿ ಇಂಚಿನ ಮರೆ, ಟಾಟಾದಲ್ಲಿ ಮಿಲಿಮೀಟರ್ ಮರೆ. 3/8 ಇಂಚಿನ ಬೋಲ್ಟು 10 ಮಿಲಿಮೀಟರ್ ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಕೆಲವು ಸುತ್ತು ಹಿಡಿದಂತೆಯೂ ನಟಿಸುತ್ತದೆ. ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ಕಡಿಮೆ, ಮರೆಯ ಅಂತರವೂ ಬೇರೆ. ಬೋಲ್ಟಿನ ಡಬ್ಬಿಯಲ್ಲಿ ಎರಡನ್ನೂ ಬೆರೆಸಿ ಇಡುವ ಶೆಡ್ಡಿನಲ್ಲಿ ನಾನು ಎಂಜಿನ್ ಕೆಳಗೆ ಕೈ ಹಾಕುವುದಿಲ್ಲ.

ಈಗ ಈ ಮಾತಿನ ಮುಖ್ಯ ಭಾಗ. ದೂರವೇ ಶತ್ರುವಾದರೆ ದೂರವನ್ನು ಕಡಿಮೆ ಮಾಡಬೇಕು. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ತೋಳುಗಳನ್ನು ಕೈಬಿಟ್ಟು ಗಟ್ಟಿ ತಟ್ಟೆ ಮಾಡಿಸುವುದು. ಕೈಗಾರಿಕಾ ಡೀಸೆಲ್‌ಗಳ ಫ್ಲೈವೀಲ್ ಹೌಸಿಂಗಿಗೆ, ಅಂದರೆ ಫ್ಲೈವೀಲನ್ನು ಮುಚ್ಚುವ ಹೊರಕವಚಕ್ಕೆ, ಎಸ್‌ಎಇ ಎಂಬ ಅಳತೆಯ ಕ್ರಮವಿದೆ. ಎಸ್‌ಎಇ 3 ಎಂದರೆ 428.6 ಮಿಲಿಮೀಟರ್ ವೃತ್ತದ ಮೇಲೆ ಹನ್ನೆರಡು ತೂತು. ಎಸ್‌ಎಇ 2 ಎಂದರೆ 466.7 ಮಿಲಿಮೀಟರ್, ಅಲ್ಲೂ ಹನ್ನೆರಡು. ಕಂಪನಿ ಹನ್ನೆರಡು ತೂತು ಕೊಟ್ಟಿರುವಾಗ ನಾವು ನಾಲ್ಕಕ್ಕೆ ತೃಪ್ತರಾಗುವುದೇಕೆ? ಕುಶಾಲನಗರದಲ್ಲೋ ಮೈಸೂರಿನಲ್ಲೋ ಲೇತ್ ಇರುವವರ ಬಳಿ ದಪ್ಪ ತಟ್ಟೆಗೆ ಈ ವೃತ್ತ ಹಾಕಿಸಿ ತೂತು ಕೊರೆಸಿಕೊಂಡರೆ, ಅದೇ ಅಳತೆಯ ಎಲ್ಲ ಎಂಜಿನ್‌ಗಳಿಗೂ ಆಗುತ್ತದೆ. ತೋಳಿನ 10 ಸೆಂಟಿಮೀಟರ್ ದೂರ ತಪ್ಪಿತು, ಅಂದರೆ 225ರಲ್ಲಿ 50 ಕಳೆಯಿತು. ಹೌಸಿಂಗ್ ಕೂಡ ಬ್ಲಾಕಿಗೆ ತನ್ನ ಬೋಲ್ಟುಗಳಿಂದಲೇ ಕೂತಿರುತ್ತದೆ ಎಂಬುದನ್ನು ಮರೆಯದೆ ಅವನ್ನೂ ನೋಡಿಕೊಳ್ಳಿ.

ಎರಡನೆಯದು ನನಗೆ ಇಷ್ಟವಾದದ್ದು. ಎಂಜಿನ್‌ನ ಹಿಂಭಾಗವನ್ನು ಹಿಡಿಯುವ ಬದಲು ಪಕ್ಕೆಯನ್ನು ಹಿಡಿಯುವುದು. ಬ್ಲಾಕಿನ ಪಕ್ಕದಲ್ಲಿ ಎಂಜಿನ್ ಮೌಂಟಿಂಗ್ ಕೂರುವ ದಪ್ಪ ದಿಮ್ಮಿಗಳಿರುತ್ತವೆ. ವಾಹನದಲ್ಲಿ ಎಂಜಿನ್‌ನ ಭಾರ ಹೊರುವುದೇ ಅವು. ಅಲ್ಲಿಗೆ ತಟ್ಟೆ ಮಾಡಿಸಿ ಸ್ಟ್ಯಾಂಡಿಗೆ ಸೇರಿಸಿದರೆ ಎಂಜಿನ್ ಕಂಬಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಭಾರದ ನಡುವಿಗೂ ತಟ್ಟೆಗೂ ಇರುವ ದೂರ ಎಂಜಿನ್‌ನ ಅಗಲದ ಅರ್ಧಕ್ಕೆ ಇಳಿಯುತ್ತದೆ. 25 ಸೆಂಟಿಮೀಟರ್ ಎಂದುಕೊಂಡರೆ ನಮ್ಮ 225 ಈಗ 125. ಇನ್ನೊಂದು ಲಾಭ, ಹಿಂಬದಿ ಪೂರ್ತಿ ತೆರೆದಿರುತ್ತದೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು, ಹೌಸಿಂಗ್, ಫ್ಲೈವೀಲ್ ಎಲ್ಲವನ್ನೂ ಸ್ಟ್ಯಾಂಡಿನ ಮೇಲೆಯೇ ಮುಗಿಸಬಹುದು. ಹಿಂಬದಿ ಹಿಡಿದ ಸ್ಟ್ಯಾಂಡಿನಲ್ಲಿ ಆ ಕೆಲಸವನ್ನೆಲ್ಲ ಕೊನೆಗೆ ಚೈನಿನಲ್ಲಿ ನೇತಾಡುವ ಎಂಜಿನ್‌ನ ಕೆಳಗೆ ಬಗ್ಗಿ ಮಾಡಬೇಕಾಗುತ್ತದೆ.

ಮೂರನೆಯದು ನೇತಾಡಿಸುವುದನ್ನೇ ಬಿಡುವುದು. ಇನ್ನೂ ಭಾರದ ಎಂಜಿನ್‌ಗಳಿಗೆ, ಜನರೇಟರ್‌ಗಳ ದೊಡ್ಡ ಎಂಜಿನ್‌ಗಳಿಗೆ, ಮುಂದೊಂದು ಹಿಂದೊಂದು ಕಂಬವಿರುವ ಚೌಕಟ್ಟು ಬೇಕು. ಅದು ಸಿಗದಿದ್ದರೆ ಒಂದು ಕಂಬದ ಸ್ಟ್ಯಾಂಡಿನಲ್ಲೇ, ತಿರುಗಿಸದ ಹೊತ್ತಿನಲ್ಲೆಲ್ಲ, ಎಂಜಿನ್‌ನ ಮುಂಭಾಗಕ್ಕೆ ಕೆಳಗಿನಿಂದ ಒಂದು ಗಟ್ಟಿ ಆಸರೆ ಕೊಡಿ. ಕ್ರ್ಯಾಂಕ್ ಪುಲ್ಲಿಗೆ ಕೊಡಬೇಡಿ, ಮುಂದಿನ ಮೌಂಟಿಂಗ್ ಕೂರುವ ಜಾಗಕ್ಕೆ ಕೊಡಿ. ಇಷ್ಟೇ ಮಾಡಿದರೂ ಕಂಬದ ಮೇಲಿನ ಹೊರೆ ಬಹುಪಾಲು ಇಳಿಯುತ್ತದೆ.

ಸ್ಟ್ಯಾಂಡನ್ನು ಊರಿನಲ್ಲೇ ವೆಲ್ಡಿಂಗ್ ಮಾಡಿಸುವವರಿಗೆ ಒಂದು ಮಾತು. ಗೇಟು, ಗ್ರಿಲ್ ಮಾಡುವವರು ಕೈಗೆ ಸಿಗುವ 50ಕ್ಕೆ 50, 3 ಮಿಲಿಮೀಟರ್ ದಪ್ಪದ ಚೌಕ ಪೈಪಿನಲ್ಲಿ ಕಂಬ ಮಾಡಿಕೊಡುತ್ತಾರೆ. ನೋಡಲು ದಪ್ಪವಾಗಿಯೇ ಇರುತ್ತದೆ. ನಮ್ಮ 225 ಕೆಜಿ-ಮೀಟರನ್ನು ಅದರ ಮೇಲೆ ಹಾಕಿದರೆ ಅಂಚಿನ ಉಕ್ಕಿನ ಮೇಲೆ ಚದರ ಮಿಲಿಮೀಟರಿಗೆ ಸುಮಾರು 27 ಕೆಜಿ ಬೀಳುತ್ತದೆ. ಮಾಮೂಲಿ ಮೈಲ್ಡ್ ಸ್ಟೀಲ್ 25ರ ಸುಮಾರಿಗೆ ಬಾಗಿ, ಮತ್ತೆ ನೆಟ್ಟಗಾಗದ ಹಂತಕ್ಕೆ ಬರುತ್ತದೆ. ಅಂದರೆ ಎಂಜಿನ್ ಹಾಕಿ ಸುಮ್ಮನೆ ನಿಲ್ಲಿಸಿದ ಕ್ಷಣವೇ ಆ ಕಂಬದ ಕತೆ ಮುಗಿದಂತೆ. ಅದೇ ಜಾಗದಲ್ಲಿ 100 ಮಿಲಿಮೀಟರಿನ ಚಾನಲ್, ಅಂದರೆ ‘ಸಿ’ ಆಕಾರದ ಉಕ್ಕಿನ ಪಟ್ಟಿ, ನೆಟ್ಟಗೆ ನಿಲ್ಲಿಸಿದರೆ ಚದರ ಮಿಲಿಮೀಟರಿಗೆ ಆರೇ ಕೆಜಿ. ಎರಡು ಚಾನಲ್‌ಗಳನ್ನು ಎದುರುಬದುರು ಸೇರಿಸಿ ಪೆಟ್ಟಿಗೆಯಂತೆ ಮಾಡಿದರೆ ತಿರುಚುವುದೂ ಇಲ್ಲ. ಉಕ್ಕಿನ ಚಿಂತೆ ಅಲ್ಲಿಗೆ ಮುಗಿಯಿತು, ಉಳಿದದ್ದು ವೆಲ್ಡಿಂಗ್. ತೋಟದ ಕಡೆ ವೋಲ್ಟೇಜು ಇಳಿದಿರುವ ಹೊತ್ತಿನಲ್ಲಿ ಹಾಕಿದ ವೆಲ್ಡು ಮೇಲೆ ಚೆಂದ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಕಂಬದ ಬುಡಕ್ಕೆ ತ್ರಿಕೋನದ ಗಸೆಟ್ ಪಟ್ಟಿ ಕೊಡಿಸಿ, ವೋಲ್ಟೇಜು ಸರಿಯಿರುವಾಗ ಕೆಲಸ ಮಾಡಿಸಿ, ಬಣ್ಣ ಹಚ್ಚುವ ಮೊದಲು ಹೋಗಿ ನೋಡಿ. ಬಣ್ಣ ಹಚ್ಚಿ ತಂದುಕೊಟ್ಟ ವೆಲ್ಡನ್ನು ಮೆಚ್ಚಬಹುದು, ಪರೀಕ್ಷಿಸಲಾಗದು.

ಚಕ್ರಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ: ಡೀಸೆಲ್ ಎಂಜಿನ್‌ಗೆ ಮೂರು ಚಕ್ರದ ಸ್ಟ್ಯಾಂಡು ಬೇಡ. ಹಿಂದಿನ ಚಕ್ರಗಳ ನಡುವೆ 80 ಸೆಂಟಿಮೀಟರ್, ಮುಂದೆ 90 ಸೆಂಟಿಮೀಟರ್ ದೂರದಲ್ಲಿ ಒಂದೇ ಚಕ್ರ, ಭಾರದ ನಡು ಹಿಂಚಕ್ರಗಳಿಂದ 55 ಸೆಂಟಿಮೀಟರ್ ಮುಂದೆ, ನೆಲದಿಂದ 90 ಸೆಂಟಿಮೀಟರ್ ಎತ್ತರ ಎಂದುಕೊಳ್ಳಿ. ಅದು ಪಕ್ಕಕ್ಕೆ ಮಗುಚಲು ಸುಮಾರು ಒಂಬತ್ತು ಡಿಗ್ರಿ ವಾಲಿದರೆ ಸಾಕು. ನಾಲ್ಕು ಮೂಲೆಗೆ ನಾಲ್ಕು ಚಕ್ರ, 70 ಸೆಂಟಿಮೀಟರ್ ಅಗಲ ಇದ್ದರೆ ಇಪ್ಪತ್ತು ಡಿಗ್ರಿ ದಾಟಬೇಕು. ನಮ್ಮ ಜಿಲ್ಲೆಯಲ್ಲಿ ಸಮತಟ್ಟಾದ ನೆಲ ಎಂಬುದೇ ಅಪರೂಪ. ಶೆಡ್ಡಿನ ನೆಲ ಒರಟು, ಬಾಗಿಲಲ್ಲಿ ಹೊಸ್ತಿಲು, ಹೊರಗೆ ಇಳಿಜಾರು. ಒಳಗೆ ಬೆಳಕು ಸಾಲದೆಂದು ಕೆಲವರು ಎಂಜಿನ್ ಸಮೇತ ಸ್ಟ್ಯಾಂಡನ್ನು ಕಾಫಿ ಒಣಗಿಸುವ ಕಣಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಕಣ ಕಣ್ಣಿಗೆ ಸಮ ಕಾಣುತ್ತದೆ, ಆದರೆ ಮಳೆ ನೀರು ಹರಿದುಹೋಗಲೆಂದು ಅದಕ್ಕೆ ಬೇಕೆಂದೇ ತುಸು ಇಳಿಜಾರು ಕೊಟ್ಟಿರುತ್ತಾರೆ. ನೀರು ಹೋಗುವ ದಾರಿಯಲ್ಲೇ ನಿಮ್ಮ ಸ್ಟ್ಯಾಂಡೂ ಹೊರಡುತ್ತದೆ. ಎಂಜಿನ್ ಏರಿದ ಸ್ಟ್ಯಾಂಡಿನ ಚಕ್ರಗಳು ಶೆಡ್ಡಿನೊಳಗೆ ನಾಲ್ಕು ಹೆಜ್ಜೆ ಸರಿಸಲು ಮಾತ್ರ. ತಳ್ಳುವಾಗ ಕೈ ಕೆಳಗೆ, ಕಾಲಿನ ಚೌಕಟ್ಟಿಗೆ ಹತ್ತಿರ ಇರಲಿ. ಎಂಜಿನ್‌ನ ನೆತ್ತಿಗೆ ಕೈ ಕೊಟ್ಟು ತಳ್ಳಿದಾಗ ಚಕ್ರ ಒಂದು ಕಲ್ಲಿಗೆ ಸಿಕ್ಕಿದರೂ ಉಳಿದದ್ದೆಲ್ಲ ಮುಂದಕ್ಕೆ ಬರುತ್ತದೆ.

ಎತ್ತುವ ವಿಷಯಕ್ಕೆ ಬರೋಣ. ತೋಟದಲ್ಲಿ ಭಾರ ಎತ್ತುವ ಸರಪಳಿ ರಾಟೆಯನ್ನು, ಅಂದರೆ ಚೈನ್ ಬ್ಲಾಕನ್ನು, ಮರಕ್ಕೆ ಕಟ್ಟುವ ಅಭ್ಯಾಸ ಹಳೆಯದು, ಬೇಡ ಎಂದರೆ ನೀವು ನಿಲ್ಲಿಸುವುದಿಲ್ಲ ಎಂದೂ ಗೊತ್ತು. ಕನಿಷ್ಠ ಮರವನ್ನಾದರೂ ಆರಿಸಿಕೊಳ್ಳಿ. ಸಿಲ್ವರ್ ಓಕ್ ನೆಟ್ಟಗೆ, ಎತ್ತರಕ್ಕೆ ಇರುತ್ತದೆ, ಆದರೆ ಅದರ ಕೊಂಬೆ ಪೆಡಸು. ಗಾಳಿಗೇ ಮುರಿಯುವ ಕೊಂಬೆ ಎಂಜಿನ್‌ಗೆ ನಿಲ್ಲುವುದಿಲ್ಲ. ಹಾಲುವಾಣ ಮೆದು ಮರ, ಅದರ ಮಾತೇ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕೊಂಬೆಯ ಮೇಲೆ ಚೈನು ಜಾರುತ್ತದೆ. ಶೆಡ್ಡಿನಲ್ಲಿ ಎರಡು ಕಂಬದ ಮೇಲೆ ಉಕ್ಕಿನ ತೊಲೆ ಹಾಕಿಸಿಕೊಂಡರೆ ಈ ಜಿಜ್ಞಾಸೆ ಉಳಿಯುವುದಿಲ್ಲ.

ಎಂಜಿನ್‌ನ ಎರಡು ಎತ್ತುವ ಕಿವಿಗಳಿಗೆ ಚೈನು ಹಾಕಿ ನಡುವೆ ಕೊಕ್ಕೆ ಸಿಕ್ಕಿಸುವಾಗ ಚೈನಿನ ಓರೆಯನ್ನು ಗಮನಿಸಿ. 500 ಕೆಜಿಗೆ ಎರಡು ಕಾಲಿನ ಚೈನು ಎಂದರೆ ತಲಾ 250 ಎಂದು ನಾವು ಎಣಿಸುತ್ತೇವೆ. ಚೈನು ಅಡ್ಡ ಗೆರೆಗೆ 60 ಡಿಗ್ರಿ ಮೇಲೆ ನಿಂತಿದ್ದರೆ ತಲಾ 290ರ ಹತ್ತಿರ. 45ಕ್ಕೆ ಇಳಿದರೆ 350 ದಾಟುತ್ತದೆ. ಚೈನು ಗಿಡ್ಡವಾಗಿ 30 ಡಿಗ್ರಿಗೆ ಬಂದರೆ ಒಂದೊಂದು ಕಾಲೂ ಪೂರ್ತಿ 500 ಎಳೆಯುತ್ತದೆ, ಕಿವಿಗಳನ್ನು ಒಳಮುಖವಾಗಿಯೂ ಜಗ್ಗುತ್ತದೆ. ಆರು ಸಿಲಿಂಡರಿನ ಉದ್ದಕ್ಕೆ ಚೈನನ್ನು ಉದ್ದ ಬಿಡಿ, ಇಲ್ಲವೇ ನಡುವೆ ಅಡ್ಡಪಟ್ಟಿ ಹಾಕಿ. ನೈಲಾನ್ ಹಗ್ಗದ ಗಂಟು ಹಗ್ಗದ ಅರ್ಧ ಬಲವನ್ನು ತಿಂದುಬಿಡುತ್ತದೆ. ಚಕ್ರದ ಮೇಲಿನ ಎಂಜಿನ್ ಕ್ರೇನ್ ಇರುವವರು ಅದರ ತೋಳನ್ನು ಎಷ್ಟು ಹೊರಗೆ ಎಳೆದಿದ್ದೀರಿ ಎಂದು ನೋಡಿಕೊಳ್ಳಿ. ಎರಡು ಟನ್ ಎಂದು ಬರೆದಿರುವ ಕ್ರೇನು ತೋಳು ಪೂರ್ತಿ ಚಾಚಿದಾಗ ಅರ್ಧ ಟನ್ನಿಗೆ ಇಳಿಯುವುದು ಮಾಮೂಲು. ಇಲ್ಲೂ ಅದೇ ದೂರದ ಲೆಕ್ಕ. 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಸೆಕ್ಷನ್ನು ಎತ್ತುವ ಯಂತ್ರ, ಚೈನು, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ತಿಳಿದವರಿಂದ ಪರೀಕ್ಷಿಸಬೇಕು ಎಂದಿತ್ತು. ಮೂರು ಜನರ ಶೆಡ್ಡಿಗೆ ಆ ಕಾಯ್ದೆ ತಾಗಲಿಲ್ಲ. ಆದರೆ ಕೈಲ್ ಪೊಳ್ದ್ ದಿನ ಕೋವಿಯನ್ನೂ ಕತ್ತಿಯನ್ನೂ ಉಜ್ಜಿ ಹೊಳಪಿಸಿ ಪೂಜೆಗಿಡುವ ಊರು ನಮ್ಮದು. ವರ್ಷದಲ್ಲಿ ಆ ದಿನವಾದರೂ ಚೈನಿನ ಒಂದೊಂದು ಕೊಂಡಿಯನ್ನೂ ಕೊಕ್ಕೆಯ ಬಾಯನ್ನೂ ಬೆಳಕಿಗೆ ಹಿಡಿದು ನೋಡಿದರೆ ದೇವರು ಬೇಡ ಎನ್ನಲಾರ.

ಕ್ರೇನಿನಿಂದ ಸ್ಟ್ಯಾಂಡಿಗೆ ಭಾರ ದಾಟಿಸುವ ಆ ಕೆಲವು ನಿಮಿಷಗಳೇ ಎಲ್ಲಕ್ಕಿಂತ ಅಪಾಯದವು. ಮೊದಲು ಎಂಜಿನ್ ಹಗುರ ಮಾಡಿ. ಆಯಿಲು, ನೀರು ಇಳಿಸಿ. ಸ್ಟಾರ್ಟರ್, ಆಲ್ಟರ್ನೇಟರ್, ಟರ್ಬೊ, ಮ್ಯಾನಿಫೋಲ್ಡ್ ಬಿಚ್ಚಿ. ಡೀಸೆಲ್ ಪಂಪನ್ನು ಹೇಗಿದ್ದರೂ ಕ್ಯಾಲಿಬ್ರೇಷನ್‌ಗೆ ಮೈಸೂರಿಗೆ ಕಳಿಸುವವರಿದ್ದೀರಿ, ಈಗಲೇ ಕಳಚಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಎಂಜಿನ್ ವಾಹನದಲ್ಲಿರುವಾಗಲೇ ಸಡಿಲಿಸಿ. ಸ್ಟ್ಯಾಂಡಿನ ಮೇಲೆ ಅದಕ್ಕೆ ಉದ್ದ ಪೈಪು ಹಾಕಿ ಜೋತುಬಿದ್ದರೆ ಬೋಲ್ಟಿನ ಬದಲು ಸ್ಟ್ಯಾಂಡೇ ಏಳುತ್ತದೆ. ಆಮೇಲೆ ಸ್ಟ್ಯಾಂಡಿನ ತಟ್ಟೆಯನ್ನು ಹೊರಗೆಳೆದು, ನೆಲಕ್ಕೆ ಗೇಣು ಎತ್ತರದಲ್ಲಿರುವ ಎಂಜಿನ್‌ಗೆ ಅದನ್ನು ಬೋಲ್ಟು ಮಾಡಿ. ಕೆಳಗೆ ಮರದ ದಿಮ್ಮಿ ಇಟ್ಟಿರಿ. ತಟ್ಟೆ ಬಿಗಿಯಾದ ಮೇಲೆ ಎಂಜಿನ್ ಎತ್ತಿ, ತಟ್ಟೆಯ ಕೊಳವೆಯನ್ನು ಸ್ಟ್ಯಾಂಡಿನ ಕೊಳವೆಯೊಳಗೆ ತೂರಿಸಿ, ಪಿನ್ನು ಹಾಕಿ. ಹಲವು ಸ್ಟ್ಯಾಂಡುಗಳಲ್ಲಿ ಈ ಕೊಳವೆ ಮುಂದಕ್ಕೆ ಜಾರಿ ಬಾರದಂತೆ ತಡೆಯುವುದು ಆ ಒಂದು ಪಿನ್ನು ಮಾತ್ರ. ತಿರುಗಿಸಲು ಅದನ್ನೇ ತೆಗೆಯುತ್ತೇವೆ. ಹಿಂಬದಿಯಿಂದ ಒಂದು ದೊಡ್ಡ ವಾಷರ್, ನಟ್ಟು ಕೂರುವಂತೆ ಮಾಡಿಸಿಕೊಳ್ಳಿ. ಈಗ ಕ್ರೇನನ್ನು ನಿಧಾನವಾಗಿ ಇಳಿಸುತ್ತ ಬನ್ನಿ, ಚೈನು ಸ್ವಲ್ಪ ಸಡಿಲವಾದ ಕೂಡಲೇ ನಿಲ್ಲಿಸಿ, ಬಿಚ್ಚಬೇಡಿ. ಕಂಬ ಎಷ್ಟು ಬಾಗಿತು, ತೋಳು ಎಲ್ಲಿ ಓರೆಯಾಯಿತು, ಚಕ್ರ ನಾಲ್ಕೂ ನೆಲ ಮುಟ್ಟಿವೆಯೇ ಎಂದು ನೋಡಿ. ಒಂದು ಚಹಾ ಕುಡಿದು ಬಂದು ಇನ್ನೊಮ್ಮೆ ನೋಡಿ. ಆಮೇಲೆ ಚೈನು ಬಿಚ್ಚಿ.

ತಿರುಗಿಸುವುದರಲ್ಲೂ ಒಂದು ದೂರ ಅಡಗಿದೆ. ತಟ್ಟೆಯ ನಡು ಮತ್ತು ಎಂಜಿನ್‌ನ ಭಾರದ ನಡು ಒಂದೇ ಗೆರೆಯಲ್ಲಿ ಇರಬೇಕು. ಸಾಲು ಎಂಜಿನ್‌ನಲ್ಲಿ ಅದು ಕ್ರ್ಯಾಂಕಿಗಿಂತ ತುಸು ಮೇಲೆ ಬರುತ್ತದೆ. ಐದೇ ಸೆಂಟಿಮೀಟರ್ ತಪ್ಪಿದರೆ 500 ಕೆಜಿಗೆ 25 ಕೆಜಿ-ಮೀಟರ್. ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ ಅದು 50 ಕೆಜಿಯಾಗಿ ನಿಮ್ಮ ಕೈಗೆ ಬರುತ್ತದೆ. ಪಿನ್ನು ಎಳೆದ ಕೂಡಲೇ ಹಿಡಿಕೆ ಸುತ್ತಿ ಮಣಿಕಟ್ಟಿಗೆ ಹೊಡೆಯುವುದು ಇದರಿಂದಲೇ. ಇದಕ್ಕಿಂತ ಕುಟಿಲವಾದದ್ದು, ಬೆಳಗ್ಗೆ ಸಮತೂಕವಾಗಿದ್ದ ಎಂಜಿನ್ ಮಧ್ಯಾಹ್ನ ಹಾಗಿರುವುದಿಲ್ಲ. ಹೆಡ್ಡು ತೆಗೆದಿರಿ, ಮೇಲಿನ ಭಾರ ಹೋಯಿತು, ನಡು ಕೆಳಗಿಳಿಯಿತು. ಆಮೇಲೆ ತಲೆಕೆಳಗು ಮಾಡಲು ಹೋದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಪ್ರತಿ ದೊಡ್ಡ ಭಾಗ ಬಿಚ್ಚಿದ ಮೇಲೂ, ಪಿನ್ನು ಎಳೆಯುವ ಮೊದಲು, ಭಾರ ಎತ್ತ ವಾಲುತ್ತಿದೆ ಎಂದು ಹಿಡಿಕೆಯಲ್ಲಿ ಕೈಯಿಟ್ಟು ತಿಳಿದುಕೊಳ್ಳಿ. ಹಣವಿದ್ದವರು ವರ್ಮ್ ಗೇರ್ ಇರುವ ತಟ್ಟೆ ಕೊಳ್ಳಲಿ. ಅದು ಹಿಡಿಕೆ ಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ.

ಟ್ರ್ಯಾಕ್ಟರ್‌ನವರಿಗೆ ಎರಡೇ ಮಾತು. ಸಾಮಾನ್ಯ ಟ್ರ್ಯಾಕ್ಟರ್‌ಗೆ ಜೀಪಿನಂತೆ ಚಾಸಿಸ್ ಇಲ್ಲ, ಎಂಜಿನ್ನೂ ಗೇರ್‌ಬಾಕ್ಸೂ ಸೇರಿ ತಾವೇ ಬೆನ್ನೆಲುಬು. ಎಂಜಿನ್ ತೆಗೆಯುವುದೆಂದರೆ ಟ್ರ್ಯಾಕ್ಟರನ್ನು ಎರಡು ತುಂಡು ಮಾಡುವುದು. ಆ ಎರಡೂ ಕೂಡುವ ಜಾಗದ, ಅಂದರೆ ಬೆಲ್ ಹೌಸಿಂಗ್‌ನ, ಬೋಲ್ಟು ಬಿಚ್ಚುವ ಮೊದಲು ಹಿಂದಿನ ತುಂಡಿಗೂ ಮುಂದಿನ ತುಂಡಿಗೂ ಬೇರೆಬೇರೆ ಆಸರೆ ಕೊಡಿ, ಮುಂದಿನ ಆಕ್ಸಲ್ ಪಕ್ಕಕ್ಕೆ ತೂಗದಂತೆ ಎರಡೂ ಬದಿ ಬೆಣೆ ಹೊಡೆಯಿರಿ.

ಇನ್ನು ಪ್ರಶ್ನೆಗಳು.

ಸಿದ್ದಾಪುರದ ಕಡೆಯ ಒಬ್ಬ ಯುವಕರು ಕೇಳಿದರು: ‘ಸಾರ್, ಕೆಲಸ ಮುಗಿದ ಮೇಲೆ ಸ್ಟ್ಯಾಂಡಿನಲ್ಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದೇ?’

ತಿರುಗುವ ತಟ್ಟೆಯ ಸ್ಟ್ಯಾಂಡಿನಲ್ಲಿ ಖಂಡಿತ ಬೇಡ. ಎಂಜಿನ್ ಓಡುವಾಗ ಕ್ರ್ಯಾಂಕು ಒಂದು ಕಡೆ ತಿರುಗಿದರೆ ಬ್ಲಾಕು ಎದುರು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಅಲ್ಲಿರುವುದು ಬೆರಳು ಗಾತ್ರದ ಪಿನ್ನು. ಫ್ಲೈವೀಲ್ ಇಲ್ಲದೆ ಅದು ನಡುಗುವುದು ಬೇರೆ. ಓಡಿಸಿ ನೋಡಲು ನೆಲಕ್ಕೆ ಬೋಲ್ಟು ಮಾಡಿದ ಚೌಕಟ್ಟು ಬೇಕು, ಎಂಜಿನ್ ಅದರಲ್ಲಿ ತನ್ನ ಸ್ವಂತ ಮೌಂಟಿಂಗ್‌ಗಳ ಮೇಲೆ ಕೂರಬೇಕು. ಅಲ್ಲೂ ಗಾಳಿ ಎಳೆಯುವ ಬಾಯಿಯನ್ನು ಮುಚ್ಚಲು ಒಂದು ದಪ್ಪ ಹಲಗೆ ಕೈಯಳತೆಯಲ್ಲಿರಲಿ. ಪಂಪು ಸಿಕ್ಕಿಹಾಕಿಕೊಂಡೋ ಟರ್ಬೊ ಮೂಲಕ ಆಯಿಲು ಎಳೆದುಕೊಂಡೋ ಡೀಸೆಲ್ ಎಂಜಿನ್ ತಾನಾಗಿ ವೇಗ ಏರಿಸಿಕೊಂಡರೆ ಕೀಲಿ ತಿರುಗಿಸಿದರೆ ನಿಲ್ಲದು, ಗಾಳಿ ನಿಲ್ಲಿಸಬೇಕು. ಅಂಗೈಯಲ್ಲಿ ಮುಚ್ಚಲು ಹೋಗಬೇಡಿ.

ಒಬ್ಬ ಹಿರಿಯರು, ಕಾಫಿ ಹಣ್ಣಿನ ಸಿಪ್ಪೆ ಸುಲಿಸುವ ತೋಟದ ಪಲ್ಪರ್ ಹೌಸಿನಲ್ಲಿ ಹಳೆಯ ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರ್ ಎಂಜಿನ್ ಇಟ್ಟುಕೊಂಡವರು, ಅದಕ್ಕೆ ಯಾವ ಸ್ಟ್ಯಾಂಡು ಎಂದು ಕೇಳಿದರು. ಅದಕ್ಕೆ ಸ್ಟ್ಯಾಂಡಿನ ಹಂಗಿಲ್ಲ. ಅದರ ತೂಕದ ದೊಡ್ಡ ಪಾಲು ಎರಡು ಫ್ಲೈವೀಲ್‌ಗಳದ್ದು, ನಿಮಿಷಕ್ಕೆ ಆರುನೂರೈವತ್ತು ಸುತ್ತಿನ ನಿಧಾನದ ಯಂತ್ರ. ಕಾಂಕ್ರೀಟ್ ಕಟ್ಟೆಯ ಮೇಲಿರುವಂತೆಯೇ ಹೆಡ್ಡನ್ನೂ ಸಿಲಿಂಡರನ್ನೂ ಮೇಲಕ್ಕೆ ಎತ್ತಿ ಕೆಲಸ ಮಾಡುವಂತೆ ಅದನ್ನು ರೂಪಿಸಿದ್ದಾರೆ. ಫ್ಲೈವೀಲ್ ತೆಗೆಯಬೇಕಾಗಿ ಬಂದರೆ ಮಾತ್ರ ಇನ್ನೊಂದು ಬದಿಯದ್ದು ಬೀಳದಂತೆ, ಕಟ್ಟೆಯ ಎರಡೂ ಕಡೆ ದಿಮ್ಮಿ ಕೊಟ್ಟುಕೊಳ್ಳಿ.

ಕೊನೆಯ ಪ್ರಶ್ನೆ ನಾಪೋಕ್ಲಿನವರದ್ದು. ಬಿಡಿಭಾಗ ಬರುವುದು ತಡವಾಗಿ ಎಂಜಿನ್ ಎರಡು ತಿಂಗಳು ಸ್ಟ್ಯಾಂಡಿನಲ್ಲೇ ಉಳಿದರೆ ಏನಾಗುತ್ತದೆ, ಅಣ್ಣಾ, ಎಂದರು.

ಒಂದು ವಾರಕ್ಕಿಂತ ಹೆಚ್ಚು ಕಾಯಬೇಕೆಂದು ಗೊತ್ತಾದ ದಿನವೇ ಇಳಿಸಿಬಿಡಿ. ಶೆಡ್ಡಿನೊಳಗೆ ಮಕ್ಕಳು ಬರುತ್ತಾರೆ, ನಾಯಿ ಬರುತ್ತದೆ, ಕತ್ತಲಲ್ಲಿ ಯಾರೋ ಹಿಡಿಕೆಗೆ ತಾಗುತ್ತಾರೆ. ಮರದ ಸ್ಲೀಪರುಗಳ ಮೇಲೆ, ಆಯಿಲ್ ಸಂಪಿನ ತಗಡಿಗೆ ಭಾರ ಬೀಳದಂತೆ, ಬ್ಲಾಕಿನ ಅಂಚುಗಳನ್ನು ಕೂರಿಸಿ. ಸಿಲಿಂಡರ್ ಗೋಡೆಗಳಿಗೆ ಆಯಿಲು ಸವರಿ. ನಮ್ಮ ಜೂನ್, ಜುಲೈ ತೇವಕ್ಕೆ ಹೊಸದಾಗಿ ಹೋನ್ ಮಾಡಿದ, ಅಂದರೆ ಉಜ್ಜಿ ಹದ ಮಾಡಿದ, ಸಿಲಿಂಡರಿನ ಒಳಗೋಡೆ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ತೆರೆದ ತೂತುಗಳಿಗೆಲ್ಲ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಎಂದು ಬ್ಲಾಕಿನ ಮೇಲೆಯೇ ಚಾಕಿನಲ್ಲಿ ಬರೆಯಿರಿ, ಜೋಡಿಸುವಾಗ ಅಷ್ಟೂ ಹೊರಬಂದವೇ ಎಂದು ಎಣಿಸಬಹುದು. ಮೇಲೆ ಟಾರ್ಪಾಲು ಹೊದಿಸಿ, ಆದರೆ ಬುಡದಲ್ಲಿ ಗಾಳಿಯಾಡಲು ಜಾಗ ಬಿಡಿ. ಬಿಡಿಭಾಗ ಬಂದ ದಿನ ಮತ್ತೆ ಏರಿಸುವಾಗ ಹಳೆಯ ಬೋಲ್ಟುಗಳನ್ನು ಹಾಗೆಯೇ ಹಾಕದೆ ಮರೆ ಎಳೆದುಕೊಂಡಿದೆಯೇ ಎಂದು ಒಂದು ಹೊಸ ನಟ್ಟನ್ನು ಕೈಯಲ್ಲೇ ತಿರುಗಿಸಿ ನೋಡಿ. ಕೊನೆಯವರೆಗೆ ಸರಾಗ ಹೋಗದ ಬೋಲ್ಟನ್ನು ಗುಜರಿಯವರಿಗೆ ಕೊಡಿ, ಡಬ್ಬಿಗೆ ವಾಪಸು ಹಾಕಬೇಡಿ.